ಹಟ್ಟಿ ನಾಯಿ ಬೆಳೆಸುವುದು ಹೇಗೆ? ಮರಿಯಿಂದ ಮಂದೆಗೆ, ಮಂದೆಯಿಂದ ಮೇಳಕ್ಕೆ

ಕಪ್ಪತಗುಡ್ಡದ ಬುಡದಲ್ಲಿ ರಾತ್ರಿ ಕುರಿ ಹಟ್ಟಿ ಹಾಕಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಬ್ಯಾಟರಿ ಬೆಳಕು ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಅದರಾಚೆ ಕತ್ತಲಲ್ಲಿ ಏನಿದೆ ಅಂತ ಹೇಳುವುದು ನಾಯಿ ಮಾತ್ರ. ಗುಡ್ಡದಲ್ಲಿ ತೋಳ ಇದೆ, ಚಿರತೆ ಇದೆ, ಕತ್ತೆಕಿರುಬ ಇದೆ. ಹಟ್ಟಿಯಲ್ಲಿ ಒಳ್ಳೆಯ ನಾಯಿ ಇದ್ದರೆ ನಿದ್ದೆ ಬರುತ್ತದೆ. ಇಲ್ಲದಿದ್ದರೆ ಇಡೀ ರಾತ್ರಿ ಕಂಬಳಿ ಹೊದ್ದು ಕೂತಿರಬೇಕು.

ಅಂಥ ನಾಯಿ ಈಗ ಸಿಗುವುದು ಕಷ್ಟ. ಶಿರಹಟ್ಟಿ, ಮುಂಡರಗಿ, ಆ ಕಡೆ ರಾಣೆಬೆನ್ನೂರು, ಎಲ್ಲೇ ಕೇಳಿ, ಹಿರಿಯರು ಒಂದೇ ಮಾತು ಹೇಳುತ್ತಾರೆ: ಮೊದಲಿನ ನಾಯಿ ಈಗಿಲ್ಲ. ಆದರೆ ರಕ್ತ ಇನ್ನೂ ಹೋಗಿಲ್ಲ. ಹತ್ತು ಹಟ್ಟಿ ಸುತ್ತಿದರೆ ಒಂದೆರಡು ಕಡೆ ಅಪ್ಪಟ ಕೆಲಸದ ನಾಯಿ ಕಾಣುತ್ತದೆ. ಅದು ಬೆದೆಗೆ ಬಂದಾಗ ಯಾರೂ ಗಮನ ಕೊಡುವುದಿಲ್ಲ, ಊರ ಬೀದಿಯ ಯಾವುದೋ ಗಂಡು ಬಂದು ಹೋಗುತ್ತದೆ, ಒಂದು ತಲೆಮಾರು ಹಾಳಾಗುತ್ತದೆ. ನಮ್ಮ ಮನೆಯಲ್ಲಿ 120 ಕುರಿ ಇವೆ. ನಾಯಿ ಸಾಕಿ, ತಪ್ಪು ಮಾಡಿ, ತಿದ್ದಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕುರಿ ಇದ್ದವರಿಗೆ ಇದು ಉಪಯೋಗಕ್ಕೆ ಬರಲಿ ಅನ್ನುವ ಆಸೆ.

ಮೊದಲು ಕೆಲಸ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ

ಕುರಿ ಜೊತೆ ಇರುವ ನಾಯಿಗೆ ಎರಡು ಕೆಲಸ ಇರುತ್ತವೆ. ಒಂದು ಕಾವಲು. ಈ ನಾಯಿ ಕುರಿ ನಡುವೆಯೇ ಮಲಗುತ್ತದೆ, ಕುರಿಯನ್ನು ತನ್ನ ಬಳಗ ಅಂದುಕೊಳ್ಳುತ್ತದೆ, ಹೊರಗಿನಿಂದ ಬಂದದ್ದರ ಎದುರು ನಿಲ್ಲುತ್ತದೆ. ಇನ್ನೊಂದು ತಿರುವುವ ಕೆಲಸ. ಮಂದೆ ಪಕ್ಕದವರ ಶೇಂಗಾ ಹೊಲಕ್ಕೆ ನುಗ್ಗುವಾಗ ಸುತ್ತು ಹಾಕಿ ವಾಪಸ್ ತರುವುದು, ಚದುರಿದ್ದನ್ನು ಒಟ್ಟು ಮಾಡುವುದು.

ಇವೆರಡರ ಬೇರು ಬೇರೆ ಬೇರೆ. ನಾಯಿಯೊಳಗೆ ಬೇಟೆಯ ಗುಣ ಸಾಲಾಗಿ ಇರುತ್ತದೆ. ದಿಟ್ಟಿಸುವುದು, ಹೊಂಚುವುದು, ಬೆನ್ನಟ್ಟುವುದು, ಹಿಡಿದು ಕಚ್ಚುವುದು, ಕೊಲ್ಲುವುದು. ತಿರುವುವ ನಾಯಿಯಲ್ಲಿ ಮೊದಲ ಮೂರು ಜೋರಾಗಿರುತ್ತವೆ, ಕೊನೆಯ ಎರಡು ತಗ್ಗಿರುತ್ತವೆ. ಒಳ್ಳೆಯ ಕಾವಲು ನಾಯಿಯಲ್ಲಿ ಕುರಿಯ ಮಟ್ಟಿಗೆ ಎಲ್ಲವೂ ತಗ್ಗಿರುತ್ತವೆ. ಬೇಟೆ ನಾಯಿಯಲ್ಲಿ ಬೆನ್ನಟ್ಟುವ ಗುಣ ಉಕ್ಕುತ್ತಿರುತ್ತದೆ.

ನಮ್ಮ ಹಟ್ಟಿ ನಾಯಿ ರಾತ್ರಿ ಪೂರ್ತಿ ಕಾವಲು, ಹಗಲು ಒಂದಿಷ್ಟು ತಿರುವುವ ಕೆಲಸ, ಹೀಗೆ ಎರಡನ್ನೂ ಮಾಡುತ್ತದೆ. ಮೊದಲ ಸ್ಥಾನ ಮಾತ್ರ ಕಾವಲಿಗೆ. ಅದನ್ನು ಮರೆತು ಆಯ್ಕೆ ಮಾಡಿದರೆ ಮುಂದೆ ಎಲ್ಲವೂ ದಾರಿ ತಪ್ಪುತ್ತದೆ.

ಮುಧೋಳ ನಾಯಿ ತರಲಾ ಅಂತ ಬಹಳ ಜನ ಕೇಳುತ್ತಾರೆ. ನನಗೆ ಆ ನಾಯಿ ಬಗ್ಗೆ ಅಪಾರ ಗೌರವ ಇದೆ. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರ ಇದೆ, ಬೀದರಿನ ಪಶು ವಿಶ್ವವಿದ್ಯಾಲಯ ಅದನ್ನು ನಡೆಸುತ್ತದೆ. ಆದರೆ ಅದು ಕಣ್ಣಿಂದ ನೋಡಿ ಓಡುವ ನಾಯಿ. ಮೊಲ ಎದ್ದರೆ ಅದರ ಹಿಂದೆ ಹೋಗುತ್ತದೆ, ಆಗ ಹಟ್ಟಿ ಖಾಲಿ. ಹಟ್ಟಿಗಳಲ್ಲಿ ಮುಧೋಳ ರಕ್ತ ಬೆರೆತ ನಾಯಿಗಳು ಚೆನ್ನಾಗಿ ಕೆಲಸ ಮಾಡುವುದನ್ನೂ ನೋಡಿದ್ದೇನೆ. ಅವು ಚಿಕ್ಕಂದಿನಿಂದ ಕುರಿ ನಡುವೆ ಬೆಳೆದವು.

ವಿಡಿಯೋ ನೋಡಿ ಬಾರ್ಡರ್ ಕೋಲಿ ತರುವ ಆಸೆಯೂ ಈಗ ಹೆಚ್ಚಾಗಿದೆ. ಅದು ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡ್ ಗಡಿಯ ತಂಪು ಗುಡ್ಡಗಳ ನಾಯಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಆ ದಟ್ಟ ಕೂದಲಿನ ನಾಯಿಯಿಂದ ಹಗಲಿಡೀ ಕೆಲಸ ಮಾಡಿಸುವುದು ಹಿಂಸೆ. ಅದು ತಿರುವುವ ನಾಯಿಯೇ ಹೊರತು ಕಾವಲಿನದಲ್ಲ, ತೋಳದ ಎದುರು ನಿಲ್ಲುವುದಕ್ಕೆ ಹುಟ್ಟಿದ್ದಲ್ಲ. ಇನ್ನೊಂದು ಅಪಾಯವನ್ನು ಎಲ್ಲರೂ ತಿಳಿದಿರಬೇಕು. ಕೋಲಿ ಗುಂಪಿನ ನಾಯಿಗಳಲ್ಲಿ ಎಂಡಿಆರ್1 ಅನ್ನುವ ಜೀನಿನ ದೋಷ ಇರಬಹುದು, ಬಾರ್ಡರ್ ಕೋಲಿಯಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಕುರಿಗೆ ಜಂತಿಗಾಗಿ ಕೊಡುವ ಐವರ್‌ಮೆಕ್ಟಿನ್ ಔಷಧಿ ಅಂಥ ನಾಯಿಯ ಮೆದುಳಿಗೆ ಹೋಗಿ ಅದು ಸಾಯಬಹುದು. ಕುರಿಗೆ ಔಷಧಿ ಕುಡಿಸುವಾಗ ಚೆಲ್ಲಿದ್ದನ್ನು ನೆಕ್ಕಿದರೂ, ಔಷಧಿ ಕೊಟ್ಟ ಕುರಿಯ ಹಿಕ್ಕೆ ತಿಂದರೂ ಅಪಾಯ. ಬೆರಕೆ ನಾಯಿಗೂ ಈ ದೋಷ ಬರಬಹುದು.

ತಾಯಿ, ತಂದೆ ಆರಿಸುವುದು

ಇಲ್ಲಿ ಅವಸರ ಬೇಡ. ಇಡೀ ಕೆಲಸದಲ್ಲಿ ಇದೇ ದೊಡ್ಡದು.

ನಮ್ಮ ಅಜ್ಜ ನಾಯಿ ಆರಿಸುವಾಗ ನಾಯಿಯನ್ನು ನೋಡುತ್ತಿರಲಿಲ್ಲ. "ಕುರಿ ಏನ್ ಹೇಳ್ತಾವ ನೋಡು" ಅನ್ನುತ್ತಿದ್ದರು. ನಾಯಿ ಮಂದೆಯೊಳಗೆ ನಡೆದು ಬಂದಾಗ ಕುರಿ ತಲೆ ಎತ್ತದೆ ಮೇಯುತ್ತಿದ್ದರೆ ಅದು ನಂಬುವ ನಾಯಿ. ಮಂದೆ ಒಮ್ಮೆಲೆ ಒಟ್ಟಾಗಿ ಬೆದರಿದರೆ, ನಾಯಿ ಎಷ್ಟೇ ಚೆಂದ ಇರಲಿ, ಅದರಲ್ಲಿ ಏನೋ ಕೊರತೆ ಇದೆ. ಈ ಮಾತನ್ನು ಇವತ್ತಿಗೂ ಮೊದಲ ಪರೀಕ್ಷೆಯಾಗಿ ಇಟ್ಟುಕೊಂಡಿದ್ದೇನೆ.

ಎರಡನೆಯದು, ಮಾಲೀಕರ ಜೊತೆ ಒಂದು ರಾತ್ರಿ ಹಟ್ಟಿಯಲ್ಲಿ ಮಲಗಿ. ಹಗಲು ಎಲ್ಲ ನಾಯಿಯೂ ಒಳ್ಳೆಯದೇ. ರಾತ್ರಿ ಎರಡು ಗಂಟೆಗೆ ಅದು ಎಲ್ಲಿದೆ? ಒಲೆಯ ಪಕ್ಕ ಮಲಗಿದೆಯೋ, ಹಟ್ಟಿಯ ಸುತ್ತ ತಿರುಗುತ್ತಿದೆಯೋ? ಸುಮ್ನೆ ಗಾಳಿಗೆಲ್ಲ ಬೊಗಳುತ್ತದೆಯೋ, ಕಾರಣ ಇದ್ದಾಗ ಮಾತ್ರವೋ? ಬೊಗಳುತ್ತಾ ಮುಂದೆ ಹೋಗುತ್ತದೆಯೋ, ಹಿಂದೆ ಸರಿಯುತ್ತದೆಯೋ? ಬೊಗಳಿ, ಎದುರು ನಿಂತು, ಕುರಿಯಿಂದ ಜಾಸ್ತಿ ದೂರ ಹೋಗದೆ ವಾಪಸ್ ಬರುವ ನಾಯಿ ನನಗೆ ಬೇಕು. ತೋಳದ ಹಿಂದೆ ಮೈಲಿಗಟ್ಟಲೆ ಓಡುವ ನಾಯಿ ಧೈರ್ಯಶಾಲಿ ಅನಿಸುತ್ತದೆ. ಆದರೆ ತೋಳಗಳಿಗೆ ಆ ಆಟ ಗೊತ್ತು. ಒಂದು ತೋಳ ನಾಯಿಯನ್ನು ದೂರ ಎಳೆದುಕೊಂಡು ಹೋಗುತ್ತದೆ, ಇನ್ನೊಂದು ಈ ಕಡೆಯಿಂದ ಕುರಿಮರಿ ಎತ್ತುತ್ತದೆ.

ಮೂರನೆಯದು ಮೈಕಟ್ಟು. ಕಾಲು ನೇರ ಇರಬೇಕು, ಪಾದದ ಬೆರಳು ಒತ್ತಾಗಿರಬೇಕು. ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಬೆರಳು ಬಿಟ್ಟ ಪಾದಕ್ಕೆ ಮಣ್ಣು ಮೆತ್ತಿ ಕುಂಟುತ್ತದೆ. ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮುಂದೆ ಕತ್ತರಿಯಂತೆ ಕೂಡಬೇಕು. ಗಂಡಿಗೆ ಎರಡೂ ಬೀಜ ಇಳಿದಿರಬೇಕು. ಒಂದೇ ಇಳಿದಿದ್ದರೆ ಆ ನಾಯಿಯಿಂದ ಮರಿ ತೆಗೆಯಬೇಡಿ. ಆ ದೋಷ ಮಕ್ಕಳಿಗೂ ಬರುತ್ತದೆ.

ಬಣ್ಣವನ್ನು ನಾನು ಕೊನೆಯಲ್ಲಿ ನೋಡುತ್ತೇನೆ. ಕೆಂಪು, ಕಪ್ಪು, ಬೂದು ಏನಾದರೂ ಇರಲಿ. ಚೆಂದಕ್ಕಾಗಿ ಬಿಳಿ ನಾಯಿಯನ್ನೇ ಹುಡುಕುತ್ತಾ ಹೋದವರು ನಾಯಿಯ ಕೆಲಸದ ಗುಣವನ್ನೇ ಕಳೆದುಕೊಂಡದ್ದನ್ನು ನೋಡಿದ್ದೇನೆ.

ಸಂಬಂಧ ನೋಡುವುದು ಮರೆಯಬೇಡಿ. ಒಂದೇ ಹಟ್ಟಿಯಲ್ಲಿ ಅಣ್ಣ ತಂಗಿ, ತಾಯಿ ಮಗ ಜೋಡಿಯಾಗುವುದು ಬಹಳ ಸಾಮಾನ್ಯ. ಎರಡು ಮೂರು ತಲೆಮಾರು ಹೀಗೇ ಆದರೆ ಮರಿ ಕಡಿಮೆ ಹುಟ್ಟುತ್ತವೆ, ಹುಟ್ಟಿದವು ಬೇಗ ಸಾಯುತ್ತವೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಹೆಣ್ಣು ಶಿರಹಟ್ಟಿ ಕಡೆಯದಾದರೆ ಗಂಡನ್ನು ರಾಣೆಬೆನ್ನೂರು ಕಡೆಯಿಂದ ನೋಡಿ. ಬೀಗತನ ಮಾಡುವಾಗ ನಾವು ಬೇರೆ ಊರು ನೋಡುವುದಿಲ್ಲವೇ, ಇದೂ ಹಾಗೇ. ಮೈಲಾರದ ಜಾತ್ರೆ, ದೇವರಗುಡ್ಡದ ಜಾತ್ರೆಗೆ ಬೇರೆ ಬೇರೆ ಕಡೆಯ ಕುರಿಗಾರರು ಸೇರುತ್ತಾರೆ. ಮೈಲಾರಲಿಂಗನ ಜೊತೆ ನಾಯಿಗೂ ಮರ್ಯಾದೆ ಇರುವ ಜಾಗ ಅದು. ಯಾರ ಹಟ್ಟಿಯಲ್ಲಿ ಎಂಥ ನಾಯಿ ಇದೆ ಅಂತ ಅಲ್ಲಿ ಒಂದು ದಿನದಲ್ಲಿ ತಿಳಿಯುತ್ತದೆ.

ಒಂದು ನೋಟ್‌ಬುಕ್ ಇಡಿ. ನೂರು ಪುಟದ ಶಾಲೆ ಪುಸ್ತಕ ಸಾಕು. ಯಾವ ಹೆಣ್ಣು, ಯಾವ ಗಂಡು, ಯಾವ ದಿನ, ಎಷ್ಟು ಮರಿ, ಯಾರಿಗೆ ಕೊಟ್ಟಿರಿ, ಒಂದೂವರೆ ವರ್ಷದ ಮೇಲೆ ಆ ಮರಿ ಏನು ಮಾಡುತ್ತಿದೆ. ಕೊನೆಯದೇ ಮುಖ್ಯ. ಗಂಡು ನಾಯಿ ಎಷ್ಟು ಒಳ್ಳೆಯದು ಅಂತ ಅದರ ಮಕ್ಕಳನ್ನು ನೋಡಿ ಹೇಳಬೇಕು.

ಬೆದೆ, ಜೋಡಿ, ಗಬ್ಬ

ಹೆಣ್ಣು ನಾಯಿ ಸುಮಾರು ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಮೊದಲ ಬೆದೆಯಲ್ಲಿ ಮರಿ ತೆಗೆಯಬೇಡಿ. ನಾಯಿ ಸಾಕಿ ಮಾರುವವರಿಗೆ 2017ರ ಕೇಂದ್ರ ನಿಯಮಗಳಿವೆ. ಅವುಗಳ ಪ್ರಕಾರ ಹೆಣ್ಣಿಗೆ 18 ತಿಂಗಳಾದರೂ ತುಂಬಿರಬೇಕು, ವರ್ಷಕ್ಕೆ ಒಂದೇ ಸೂಲು, ಬದುಕಿನಲ್ಲಿ ಐದಕ್ಕಿಂತ ಹೆಚ್ಚಿಲ್ಲ. ನನ್ನ ಲೆಕ್ಕ ಇನ್ನೂ ಬಿಗಿ. ಹೆಣ್ಣು ಎರಡು ವರ್ಷ ತುಂಬಿ, ಒಂದು ಬೇಸಿಗೆ ಒಂದು ಮಳೆಗಾಲ ಮಂದೆಯಲ್ಲಿ ಕೆಲಸ ಮಾಡಿ ತೋರಿಸಿರಬೇಕು. ಕೆಲಸ ನೋಡದೆ ಮರಿ ತೆಗೆದರೆ ಬೀಜ ನೋಡದೆ ಬಿತ್ತಿದ ಹಾಗೆ.

ಮೊದಲ ಒಂಬತ್ತು ದಿನದ ಆಸುಪಾಸು ರಕ್ತ ಕಾಣುತ್ತದೆ. ಗಂಡುಗಳು ಹಿಂದೆ ಬೀಳುತ್ತವೆ, ಹೆಣ್ಣು ಬಿಡುವುದಿಲ್ಲ. ಆಮೇಲೆ ರಕ್ತದ ಬಣ್ಣ ತೆಳುವಾಗಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಬೆನ್ನ ಕೆಳಗೆ ಕೈ ಇಟ್ಟರೆ ಬಾಲ ಪಕ್ಕಕ್ಕೆ ಸರಿಸಿ ನಿಲ್ಲುತ್ತದೆ. ಸಾಮಾನ್ಯವಾಗಿ 10ರಿಂದ 14ನೇ ದಿನದೊಳಗೆ. ಆಗ ಆರಿಸಿದ ಗಂಡಿನ ಹತ್ತಿರ ಕರೆದುಕೊಂಡು ಹೋಗಿ, ಒಂದು ದಿನ ಬಿಟ್ಟು ಮತ್ತೊಮ್ಮೆ ಕೂಡಿಸಿ. ಕೂಡಿದ ಮೇಲೆ ಹತ್ತು ನಿಮಿಷದಿಂದ ಅರ್ಧ ಗಂಟೆ ಎರಡೂ ಅಂಟಿಕೊಂಡಿರುತ್ತವೆ. ಹುಡುಗರು ಕಲ್ಲು ಹೊಡೆದು ಬಿಡಿಸಲು ನೋಡುತ್ತಾರೆ. ಬಿಡಿಸಬಾರದು, ಎರಡಕ್ಕೂ ಗಾಯವಾಗುತ್ತದೆ.

ನನ್ನ ಮೊದಲ ತಪ್ಪು ಆಮೇಲಿನದು. ಕೆಂಚಿ ಅನ್ನುವ ನಮ್ಮ ಒಳ್ಳೆಯ ಹೆಣ್ಣನ್ನು ದೂರದ ಗಂಡಿಗೆ ಕೂಡಿಸಿ ತಂದೆ. ಕೆಲಸ ಮುಗಿಯಿತು ಅಂತ ಬಿಟ್ಟೆ. ಮೂರು ದಿನದ ಮೇಲೆ ಊರ ನಾಯಿಗಳ ಜೊತೆ ಸಿಕ್ಕಿತು. ಒಂದೇ ಸೂಲಿನಲ್ಲಿ ಎರಡು ಮೂರು ತಂದೆಯರ ಮರಿ ಹುಟ್ಟಬಹುದು ಅಂತ ಆಗ ನನಗೆ ಗೊತ್ತಿರಲಿಲ್ಲ. ಮರಿ ನೋಡಿದಾಗ ಗೊತ್ತಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಕೆಲವು ತಿಂಗಳ ಮೇಲೆ ಕೆಂಚಿಯ ಯೋನಿಯಲ್ಲಿ ಹೂಕೋಸಿನಂಥ ಗಡ್ಡೆ ಬಂದು ರಕ್ತ ಸೋರತೊಡಗಿತು. ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಅಂಟುವ ಗಡ್ಡೆ ಅದು, ಬೀದಿ ನಾಯಿಗಳಲ್ಲಿ ಬಹಳ ಇದೆ. ವಾರಕ್ಕೊಂದು ಇಂಜೆಕ್ಷನ್ ಕೊಡಿಸಿ ವಾಸಿಯಾಯಿತು. ಆದ್ದರಿಂದ ಬೆದೆ ಶುರುವಾದ ದಿನದಿಂದ ಪೂರ್ತಿ ಮೂರು ವಾರ ಹೆಣ್ಣನ್ನು ಬಾಗಿಲಿರುವ ಕೋಣೆಯಲ್ಲಿ ಇಡಿ. ಹಗ್ಗದಲ್ಲಿ ಕಟ್ಟಿದರೆ ಸಾಲದು, ಗಂಡು ಹುಡುಕಿಕೊಂಡು ಬರುತ್ತದೆ. ಗಂಡಿನ ಮೈಯನ್ನೂ ಮೊದಲೇ ವೈದ್ಯರಿಗೆ ತೋರಿಸಿ.

ಗಬ್ಬದ ಕಾಲ ಸುಮಾರು 63 ದಿನ. ತಿಂಗಳಾದ ಮೇಲೆ ಸ್ಕ್ಯಾನ್ ಮಾಡಿಸಿದರೆ ಗಬ್ಬ ನಿಂತಿದೆಯೋ ಇಲ್ಲವೋ ತಿಳಿಯುತ್ತದೆ. ಗದಗಿನ ಪಶುವೈದ್ಯಕೀಯ ಕಾಲೇಜು ಹತ್ತಿರ ಇದ್ದವರು ಅಲ್ಲಿ ವಿಚಾರಿಸಬಹುದು. ಮೊದಲ ತಿಂಗಳು ಊಟ ಮಾಮೂಲು ಇರಲಿ. ಕೊನೆಯ ಮೂರು ವಾರ ಹೆಚ್ಚಿಸಿ. ಬರೀ ರೊಟ್ಟಿ ಮಜ್ಜಿಗೆ ಸಾಕಾಗುವುದಿಲ್ಲ. ಜೋಳದ ನುಚ್ಚಿನ ಜೊತೆ ಬೇಯಿಸಿದ ಮೊಟ್ಟೆ, ಬೇಯಿಸಿದ ಮಾಂಸ ಕೊಡಿ. ಗಬ್ಬದಲ್ಲಿ ನೀವೇ ಕ್ಯಾಲ್ಸಿಯಂ ಡಬ್ಬಿ ತಂದು ಸುರಿಯಬೇಡಿ. ಹಾಗೆ ಮಾಡಿದರೆ ಮರಿ ಹಾಕಿದ ಮೇಲೆ ಮೈ ನಡುಗುವ ಕಾಯಿಲೆ ಬರುವ ಸಂಭವ ಹೆಚ್ಚುತ್ತದೆ.

ಇನ್ನೊಂದು ಲೆಕ್ಕ. ಹಟ್ಟಿ ಊರೂರು ಸಾಗುವವರಾದರೆ, ಹುಟ್ಟಿದ ಮೇಲೆ ಮೂರು ತಿಂಗಳು ಮಂದೆ ಒಂದೇ ಕಡೆ ಇರುವ ಹಾಗೆ ಜೋಡಿಯ ಸಮಯ ನೋಡಿ. ಎಳೆ ಮರಿಗಳನ್ನು ಕತ್ತೆಯ ಮೇಲೋ ಟ್ರ್ಯಾಕ್ಟರಿನಲ್ಲೋ ಹೇರಿಕೊಂಡು ತಿರುಗಿದರೆ ಅರ್ಧ ಉಳಿಯುವುದಿಲ್ಲ.

ಮರಿ ಹಾಕುವ ದಿನ

ಇದನ್ನು ನಾಯಿಗೇ ಬಿಡಿ, ನೀವು ದೂರದಿಂದ ನೋಡಿ. ನಾಯಿಯ ಮೈ ಬಿಸಿ ಮಾಮೂಲಾಗಿ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಅದು 99ಕ್ಕಿಂತ ಕೆಳಗಿಳಿದರೆ ಒಂದು ದಿನದೊಳಗೆ ಮರಿ ಹಾಕುತ್ತದೆ. ಅರ್ಧ ಗಂಟೆ ಜೋರಾಗಿ ಮುಕ್ಕಿದರೂ ಮರಿ ಬರದಿದ್ದರೆ, ಅಥವಾ ಒಂದು ಮರಿ ಬಂದ ಮೇಲೆ ಒಳಗೆ ಇನ್ನೂ ಮರಿ ಇದ್ದೂ ಎರಡು ಗಂಟೆ ದಾಟಿದರೆ ವೈದ್ಯರನ್ನು ಕರೆಯಿರಿ. ಎಳೆ ಮರಿ ಎರಡು ವಾರ ತನ್ನ ಮೈ ತಾನೇ ಬಿಸಿ ಇಟ್ಟುಕೊಳ್ಳಲಾರದು. ಡಿಸೆಂಬರ್ ಚಳಿಯಲ್ಲಿ ಹಳೆ ಕಂಬಳಿ ಹಾಸಿ, ಗಾಳಿ ಬೀಸುವ ಕಡೆ ಗೋಣಿ ಚೀಲ ಕಟ್ಟಿ. ಎಲ್ಲ ಮರಿಯೂ ಮೊದಲ ದಿನವೇ ಗಿಣ್ಣು ಹಾಲು ಕುಡಿದಿರಬೇಕು. ದಿನಾ ಒಮ್ಮೆ ತಕ್ಕಡಿಯಲ್ಲಿ ತೂಗಿ ಬರೆಯಿರಿ. ತೂಕ ಏರದ ಮರಿಗೆ ಆ ದಿನವೇ ಗಮನ ಬೇಕು.

ಕುರಿಯ ವಾಸನೆಯಲ್ಲಿ ಬೆಳೆಯಬೇಕು

ಹತ್ತರಿಂದ ಹದಿನಾಲ್ಕು ದಿನಕ್ಕೆ ಕಣ್ಣು ತೆರೆಯುತ್ತವೆ. ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲ ಮತ್ತೆ ಬರುವುದಿಲ್ಲ. ಈ ಒಂಬತ್ತು ವಾರದಲ್ಲಿ ಯಾರ ಜೊತೆ ಇರುತ್ತದೋ ಅವರೇ ತನ್ನವರು ಅಂತ ಮರಿಯ ತಲೆಯಲ್ಲಿ ಕೂರುತ್ತದೆ. ಮನೆಯ ಪಡಸಾಲೆಯಲ್ಲಿ ಮಕ್ಕಳ ಜೊತೆ ಬೆಳೆಸಿ ಆರು ತಿಂಗಳಿಗೆ ಹಟ್ಟಿಗೆ ಬಿಟ್ಟರೆ ಅದು ಮನೆಗೇ ವಾಪಸ್ ಬರುತ್ತದೆ. ತಪ್ಪು ನಾಯಿಯದಲ್ಲ ಅಲ್ವಾ?

ನಾನು ಮಾಡುವುದು ಹೀಗೆ. ದೊಡ್ಡಿಯ ಒಂದು ಮೂಲೆಯಲ್ಲಿ ಬಿದಿರಿನ ತಡಿಕೆ ಕಟ್ಟಿ ತಾಯಿ ನಾಯಿಯನ್ನು ಇಡುತ್ತೇನೆ. ಮರಿಗಳು ತಡಿಕೆಯ ಸಂದಿನಿಂದ ಕುರಿ ನೋಡುತ್ತಾ, ಮೂಸುತ್ತಾ ಬೆಳೆಯುತ್ತವೆ. ಐದನೆಯ ವಾರದಿಂದ ಒಂದೆರಡು ಸೌಮ್ಯ ಕುರಿಮರಿಗಳನ್ನು ಒಳಗೆ ಬಿಡುತ್ತೇನೆ. ಎಂಟನೆಯ ವಾರದಿಂದ ಹಾಯುವ ಗುಣ ಇಲ್ಲದ ಹಳೆ ಕುರಿಗಳ ಜೊತೆ ಹಗಲು ಬಿಡುತ್ತೇನೆ, ಕಣ್ಣೆದುರೇ. ಮುಂಗೋಪಿ ಟಗರು ದೂರವೇ ಇರಲಿ. ಎಳೆ ಮರಿಗೆ ಒಂದು ಗುದ್ದು ಬಿದ್ದರೆ ಅದು ಬದುಕಿಡೀ ಕುರಿಗೆ ಹೆದರುತ್ತದೆ.

ಕೆಲಸದ ನಾಯಿಯನ್ನು ಮನುಷ್ಯರು ಮುಟ್ಟಲೇಬಾರದು ಅಂತ ಕೆಲವರು ಹೇಳುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಹಿಡಿದು ಕಿವಿ, ಬಾಯಿ, ಪಾದ ಮುಟ್ಟಿ ನೋಡಿ. ಕೊರಳಿಗೆ ಪಟ್ಟಿ ಹಾಕಿ ನಾಲ್ಕು ಹೆಜ್ಜೆ ನಡೆಸಿ. ಇಲ್ಲದಿದ್ದರೆ ದೊಡ್ಡದಾದ ಮೇಲೆ ಚುಚ್ಚುಮದ್ದು ಹಾಕಿಸುವುದಕ್ಕೆ ನಾಲ್ಕು ಜನ ಬೇಕು, ಮೇಳದ ಮಾತಂತೂ ದೂರ. ಆದರೆ ಮುದ್ದು, ಊಟ ಎಲ್ಲವೂ ಹಟ್ಟಿಯಲ್ಲೇ ನಡೆಯಲಿ. ಮನೆ ಬಾಗಿಲಲ್ಲಿ ರೊಟ್ಟಿ ಹಾಕಬೇಡಿ.

ಜಂತಿನ ಔಷಧಿ ಎರಡನೆಯ ವಾರದಿಂದ ಶುರು, ಎಂಟನೆಯ ವಾರದವರೆಗೆ ಎರಡು ವಾರಕ್ಕೊಮ್ಮೆ. ಪಾರ್ವೊ, ಡಿಸ್ಟೆಂಪರ್ ಅನ್ನುವ ಅಂಟುರೋಗಗಳ ಲಸಿಕೆ 6ರಿಂದ 8 ವಾರಕ್ಕೆ ಮೊದಲ ಸಲ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೆ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ. ಮರಿ ಕೊಡುವುದಾದರೆ ಎಂಟು ವಾರ ತುಂಬಿದ ಮೇಲೆಯೇ ಕೊಡಿ. ಕಿವಿ, ಬಾಲ ಕತ್ತರಿಸುವ ಹಳೆ ರೂಢಿ ನಮ್ಮಲ್ಲಿ ಇದೆ. ದಯವಿಟ್ಟು ಬಿಡಿ. ಕಾನೂನು ಒಪ್ಪುವುದಿಲ್ಲ, ನಾಯಿಗೆ ಅದರಿಂದ ಏನೂ ಲಾಭವಿಲ್ಲ.

ಪುಂಡಾಟದ ವಯಸ್ಸು

ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಬಹಳ ಜನ ಸೋಲುತ್ತಾರೆ. ಒಳ್ಳೆಯ ಮರಿಯೇ ಕುರಿಮರಿಯ ಕಿವಿ ಕಚ್ಚುತ್ತದೆ, ಉಣ್ಣೆ ಎಳೆಯುತ್ತದೆ, ಆಟಕ್ಕೆ ಅಟ್ಟಿಸಿಕೊಂಡು ಹೋಗುತ್ತದೆ. ಇದು ಕೊಲ್ಲುವ ಬುದ್ಧಿಯಲ್ಲ, ಆಟ. ಆದರೆ ಆಟಕ್ಕೂ ಕುರಿಮರಿ ಸಾಯುತ್ತದೆ, ಆ ಆಟ ಚಟವೂ ಆಗುತ್ತದೆ.

ಹೊಡೆಯಬೇಡಿ. ಕುರಿಯ ಹತ್ತಿರ ಇದ್ದಾಗಲೆಲ್ಲ ಏಟು ಬಿದ್ದರೆ ನಾಯಿ ಕುರಿಯನ್ನೇ ಬಿಟ್ಟು ದೂರ ಹೋಗುತ್ತದೆ. ಕಚ್ಚಿದ ಆ ಕ್ಷಣಕ್ಕೆ ಗಟ್ಟಿಯಾಗಿ ಒಂದು "ಛೀ" ಹೇಳಿ, ಮಂದೆಯಿಂದ ಹೊರಗೆ ತಂದು ಹದಿನೈದು ನಿಮಿಷ ಒಬ್ಬಂಟಿಯಾಗಿ ಕಟ್ಟಿ. ಮತ್ತೆ ಬಿಡಿ. ಮತ್ತೆ ಮಾಡಿದರೆ ಮತ್ತೆ ಹಾಗೇ. ಜೊತೆಗೆ ಅನುಭವ ಇರುವ ಹಿರಿಯ ನಾಯಿ ಇದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ತುಂಬಾ ಓಡುವ ಮರಿಯ ಪಟ್ಟಿಗೆ ಎರಡು ಮಾರು ಹಗ್ಗ ಕಟ್ಟಿ ಎಳೆದುಕೊಂಡು ತಿರುಗಲು ಬಿಡಿ, ಆದರೆ ಮುಳ್ಳುಕಂಟಿ ಇರುವ ಕಡೆ ಬೇಡ, ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ವರ್ಷ ತುಂಬಿದರೂ ರಕ್ತ ಬರುವ ಹಾಗೆ ಕಚ್ಚುವ ನಾಯಿಯನ್ನು ಮಂದೆಯಿಂದ ತೆಗೆಯಿರಿ. ಅದರಿಂದ ಮರಿ ತೆಗೆಯಲೇಬೇಡಿ.

ಮೊಲ, ಕೃಷ್ಣಮೃಗದ ಹಿಂದೆ ಓಡುವುದನ್ನೂ ಇದೇ ವಯಸ್ಸಿನಲ್ಲಿ ನಿಲ್ಲಿಸಬೇಕು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, ಕಪ್ಪತಗುಡ್ಡ ಎರಡರ ಅಂಚಿನಲ್ಲೂ ನಾವು ಕುರಿ ಮೇಯಿಸುತ್ತೇವೆ. ನಾಯಿ ಬಿಟ್ಟು ಬೇಟೆಯಾಡುವುದು ಅಪರಾಧ. ತೋಳವನ್ನೂ ಕೊಲ್ಲುವಂತಿಲ್ಲ. ಅದನ್ನು ದೂರ ಇಡುವುದಷ್ಟೇ ನಮ್ಮ ನಾಯಿಯ ಕೆಲಸ. ನಮ್ಮ ನಾಯಿಗೆ ಡಿಸ್ಟೆಂಪರ್ ಬಂದರೆ ಗುಡ್ಡದ ತೋಳ, ನರಿಗೂ ಹರಡುತ್ತದೆ, ಲಸಿಕೆಗೆ ಅದೂ ಒಂದು ಕಾರಣ.

ಮಂದೆ ತಿರುವುವ ಪಾಠ

ಹತ್ತು ತಿಂಗಳು ತುಂಬುವ ಮುಂಚೆ ಇದನ್ನು ಶುರು ಮಾಡಬೇಡಿ. ಮೂಳೆ ಇನ್ನೂ ಎಳೆಯದು, ಮನಸ್ಸೂ ಎಳೆಯದು.

ಮೊದಲು ಕುರಿ ಇಲ್ಲದೆ ಮೂರು ಮಾತು ಕಲಿಸಿ: "ಬಾ", "ನಿಲ್ಲು", "ಸಾಕು". ನಿಲ್ಲು ಅಂದರೆ ಓಡುತ್ತಿದ್ದರೂ ನಿಲ್ಲಬೇಕು. ಇದು ಬರುವವರೆಗೆ ಮುಂದೆ ಹೋಗಬೇಡಿ. ಮಾತಿನ ಜೊತೆ ಸಿಳ್ಳು ಸೇರಿಸಿ, ಗಾಳಿಯಲ್ಲಿ ಮಾತಿಗಿಂತ ಸಿಳ್ಳು ದೂರ ಹೋಗುತ್ತದೆ. ಮನೆಯವರೆಲ್ಲ ಒಂದೇ ಮಾತು ಬಳಸಿ. ಅಪ್ಪ ಒಂದು, ಮಗ ಒಂದು ಹೇಳಿದರೆ ನಾಯಿ ಯಾರ ಮಾತು ಕೇಳಬೇಕು?

ಆಮೇಲೆ ಎಂಟು ಹತ್ತು ಹಳೆ ಕುರಿಗಳನ್ನು ಬೇಲಿ ಇರುವ ಚಿಕ್ಕ ಹೊಲಕ್ಕೆ ಬಿಡಿ. ಇಲ್ಲಿ ಒಂದು ಸೂಕ್ಷ್ಮ ಅರ್ಥವಾದರೆ ಎಲ್ಲ ಸುಲಭ. ಪ್ರತಿ ಕುರಿಗೂ ತನ್ನ ಸುತ್ತ ಒಂದು ಗೆರೆ ಇರುತ್ತದೆ. ನಾಯಿ ಆ ಗೆರೆಯ ಹೊರಗಿದ್ದರೆ ಕುರಿ ಮೇಯುತ್ತದೆ. ಗೆರೆ ಮುಟ್ಟಿದರೆ ನಡೆಯುತ್ತದೆ. ಒಳಗೆ ನುಗ್ಗಿದರೆ ಚೆಲ್ಲಾಪಿಲ್ಲಿ. ನಾಯಿಗೆ ಕಲಿಸಬೇಕಾದದ್ದು ಆ ಗೆರೆಯ ಮೇಲೆ ಇರುವುದನ್ನು.

ನೀವು ಮಂದೆಯ ಒಂದು ಕಡೆ ನಿಲ್ಲಿ. ಉದ್ದ ಹಗ್ಗದಲ್ಲಿ ನಾಯಿಯನ್ನು ಇನ್ನೊಂದು ಕಡೆಗೆ ಕಳಿಸಿ. ಗಡಿಯಾರದ ಮುಖದಲ್ಲಿ ನೀವು ಆರರ ಜಾಗದಲ್ಲಿದ್ದರೆ ನಾಯಿ ಹನ್ನೆರಡರಲ್ಲಿ ಇರಬೇಕು. ಆಗ ಮಂದೆ ನಿಮ್ಮ ಕಡೆ ಬರುತ್ತದೆ. ನೀವು ಬಲಕ್ಕೆ ಸರಿದರೆ ನಾಯಿ ತಾನೇ ಸುತ್ತಿ ಮತ್ತೆ ಎದುರಿಗೆ ಬರುತ್ತದೆ, ಹುಟ್ಟು ಗುಣ ಇರುವ ನಾಯಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅದು ಎಡಕ್ಕೆ ಸುತ್ತುವಾಗ ಒಂದು ಶಬ್ದ, ಬಲಕ್ಕೆ ಸುತ್ತುವಾಗ ಇನ್ನೊಂದು ಶಬ್ದ ಹೇಳುತ್ತಾ ಹೋಗಿ. ನಾಯಿ ಮಾಡುತ್ತಿರುವುದಕ್ಕೆ ನೀವು ಹೆಸರಿಡುತ್ತಿದ್ದೀರಿ, ಅಷ್ಟೇ. ಕೆಲವು ವಾರದಲ್ಲಿ ಶಬ್ದ ಕೇಳಿದರೆ ಆ ಕಡೆ ಹೋಗುತ್ತದೆ.

ಒಂದು ಪಾಠ ಹತ್ತು ನಿಮಿಷ ಸಾಕು. ಬೇಸಿಗೆಯಲ್ಲಿ ಬೆಳಗ್ಗೆ ಎಂಟರೊಳಗೆ ಮುಗಿಸಿ. ನಾಲಿಗೆ ಅಗಲವಾಗಿ ಹೊರಗೆ ಬಿದ್ದು ನಡಿಗೆ ತೂರಾಡಿದರೆ ತಕ್ಷಣ ನೆರಳಿಗೆ ತಂದು ಹೊಟ್ಟೆ, ತೊಡೆಯ ಸಂದಿಗೆ ನೀರು ಹಾಕಿ. ಚೆನ್ನಾಗಿ ಮಾಡಿದ ಸುತ್ತಿಗೇ ನಿಲ್ಲಿಸಿ, ಇನ್ನೊಂದು ಸಲ ಅಂತ ಎಳೆಯಬೇಡಿ.

ಎಲ್ಲ ಹಟ್ಟಿ ನಾಯಿಯೂ ಇದನ್ನು ಕಲಿಯುವುದಿಲ್ಲ. ಕಾವಲಿನ ಗುಣ ಗಟ್ಟಿ ಇರುವ ನಾಯಿಗೆ ತಿರುವುವುದರಲ್ಲಿ ಆಸಕ್ತಿಯೇ ಇರುವುದಿಲ್ಲ. ಅದನ್ನು ಒತ್ತಾಯ ಮಾಡಬೇಡಿ. ಅದು ರಾತ್ರಿ ತನ್ನ ಕೆಲಸ ಮಾಡುತ್ತದೆ. ರಾತ್ರಿಯ ನಾಯಿಗೆ ಮೊಳೆ ಇರುವ ಅಗಲ ಪಟ್ಟಿ ಹಾಕಿ. ತೋಳ, ಚಿರತೆ ಹಿಡಿಯುವುದು ಕೊರಳನ್ನೇ.

ಕುರಿಯ ತಲೆ ನಾಯಿಗೆ ಹಾಕಬೇಡಿ

ಇದನ್ನು ಬೇರೆಯಾಗಿಯೇ ಬರೆಯಬೇಕು ಅನಿಸಿತು. ಕುರಿ ಒಂದೇ ಕಡೆ ಗಿರಗಿರ ಸುತ್ತಿ, ತಲೆ ಓರೆ ಮಾಡಿ ಸಾಯುವುದನ್ನು ನೀವು ನೋಡಿರುತ್ತೀರಿ. ಅದರ ಮೆದುಳಲ್ಲಿ ನೀರಿನ ಗುಳ್ಳೆ ಇರುತ್ತದೆ. ಆ ಗುಳ್ಳೆ ನಾಯಿಯ ಹೊಟ್ಟೆಯ ಲಾಡಿಹುಳುವಿನ ಮರಿ. ಸತ್ತ ಕುರಿಯ ತಲೆಯನ್ನು ನಾಯಿಗೆ ಹಾಕುತ್ತೇವೆ, ಹುಳು ನಾಯಿಯಲ್ಲಿ ಬೆಳೆಯುತ್ತದೆ, ನಾಯಿಯ ಹೇಲಿನಿಂದ ಮೊಟ್ಟೆ ಹುಲ್ಲಿಗೆ ಬೀಳುತ್ತದೆ, ಇನ್ನೊಂದು ಕುರಿ ತಿನ್ನುತ್ತದೆ. ನಾವೇ ತಿರುಗಿಸುತ್ತಿರುವ ಚಕ್ರ ಇದು. ಕುರಿಯ ಕಾರಜ (ಲಿವರ್), ಶ್ವಾಸಕೋಶದ ಗುಳ್ಳೆಗಳದ್ದೂ ಇಂಥದೇ ಇನ್ನೊಂದು ಹುಳು. ಅದು ಮನುಷ್ಯರಿಗೂ ಬರುತ್ತದೆ, ಮಕ್ಕಳಿಗೂ ಬರುತ್ತದೆ, ಆಪರೇಷನ್ ಮಾಡಿಸಬೇಕಾಗುತ್ತದೆ.

ಹಸಿ ತಲೆ, ಹಸಿ ಕರುಳು ಕಾರಜ ಯಾವುದನ್ನೂ ನಾಯಿಗೆ ಕೊಡಬೇಡಿ. ಚೆನ್ನಾಗಿ ಕುದಿಸಿ ಕೊಡಿ, ಇಲ್ಲವೇ ಆಳವಾಗಿ ಹೂಳಿ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯನ್ನು ವೈದ್ಯರು ಹೇಳಿದ ತೂಕದ ಲೆಕ್ಕದಲ್ಲಿ ಸುಮಾರು ಆರು ವಾರಕ್ಕೊಮ್ಮೆ ಕೊಡಿ. ಕುರಿಯ ಜಂತಿನ ಔಷಧಿಯನ್ನೇ ನಾಯಿಗೂ ಕುಡಿಸುವ ರೂಢಿ ಬಿಡಬೇಕು.

ಉಣ್ಣಿ ಜ್ವರವೂ ನಮ್ಮಲ್ಲಿ ಬಹಳ. ನಾಯಿ ಊಟ ಬಿಟ್ಟು ಮಂಕಾದರೆ, ಒಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಬಂದರೆ ರಕ್ತ ಪರೀಕ್ಷೆ ಮಾಡಿಸಿ. ಬೇಗ ಹಿಡಿದರೆ ವಾಸಿಯಾಗುತ್ತದೆ.

ಮೇಳಕ್ಕೆ ಒಯ್ಯುವುದು

ನಮ್ಮ ಹಟ್ಟಿ ನಾಯಿಗೆ ಇನ್ನೂ ತಳಿಯ ಮಾನ್ಯತೆ ಇಲ್ಲ. ಹೀಗಾಗಿ ನಾಯಿ ತಳಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ಬಿನ ತಳಿ ಸ್ಪರ್ಧೆಗಳಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ. ಆದರೆ ಬೇಸರ ಬೇಡ. ಹಿಮಾಚಲದ ಕುರಿಗಾರರ ಗದ್ದಿ ನಾಯಿಯನ್ನು ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ತಳಿ ಅಂತ ನೋಂದಾಯಿಸಿದೆ. 2005ರಲ್ಲಿ ಅಂಚೆ ಇಲಾಖೆ ದೇಶಿ ನಾಯಿಗಳ ನಾಲ್ಕು ಅಂಚೆಚೀಟಿ ತಂದಾಗ ಮುಧೋಳದ ಜೊತೆ ಹಿಮಾಲಯದ ಕುರಿನಾಯಿಯೂ ಇತ್ತು. ಬೇರೆ ಕಡೆಯ ಕುರಿಗಾರರ ನಾಯಿಗೆ ಸಿಕ್ಕ ಗೌರವ ನಮ್ಮದಕ್ಕೂ ಸಿಗಬಹುದು. ಅದಕ್ಕೆ ಬೇಕಾದದ್ದು ಮೇಲೆ ಹೇಳಿದ ನೋಟ್‌ಬುಕ್, ಹತ್ತಾರು ಹಟ್ಟಿಗಳಲ್ಲಿ, ಹತ್ತಾರು ವರ್ಷ.

ಸದ್ಯಕ್ಕೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ, ಊರ ಜಾತ್ರೆಗಳಲ್ಲಿ ನಡೆಯುವ ಜಾನುವಾರು ಪ್ರದರ್ಶನ, ಶ್ವಾನ ಪ್ರದರ್ಶನ ನಮ್ಮ ದಾರಿ. ದೇಶಿ ನಾಯಿಗಳಿಗೆ ವಿಭಾಗ ಇದೆಯೋ ಅಂತ ಮೊದಲೇ ಕೇಳಿ.

ತಯಾರಿ ಎರಡು ತಿಂಗಳು ಮೊದಲು ಶುರುವಾಗಲಿ. ಹಗ್ಗ ಎಳೆಯದೆ ಪಕ್ಕದಲ್ಲಿ ಜಾಗಿಂಗ್ ಓಟದಲ್ಲಿ ಬರಬೇಕು, ನಾಲ್ಕೂ ಕಾಲು ಸರಿಯಾಗಿ ಊರಿ ಒಂದು ನಿಮಿಷ ನಿಲ್ಲಬೇಕು. ತೀರ್ಪುಗಾರರು ತುಟಿ ಎತ್ತಿ ಹಲ್ಲು ನೋಡುತ್ತಾರೆ, ಬೆನ್ನು ತಡವುತ್ತಾರೆ, ಗಂಡಿನ ಬೀಜ ಮುಟ್ಟಿ ನೋಡುತ್ತಾರೆ. ನೆಂಟರು, ಗೆಳೆಯರು ಬಂದಾಗ ಅವರಿಂದ ಹೀಗೆ ಮುಟ್ಟಿಸಿ ರೂಢಿ ಮಾಡಿಸಿ. ಹಟ್ಟಿ ನಾಯಿಗೆ ಇದೇ ಕಠಿಣ ಪಾಠ. ಅಪರಿಚಿತರನ್ನು ತಡೆಯುವುದೇ ಅದರ ಕೆಲಸ, ಇಲ್ಲಿ ಅಪರಿಚಿತರು ಮೈ ಮುಟ್ಟಲು ಬಿಡಬೇಕು. ಹಟ್ಟಿಯಲ್ಲಿ ಈ ಅಭ್ಯಾಸ ಮಾಡಿಸಬೇಡಿ, ಸಂತೆಯ ಹತ್ತಿರ, ಬಸ್ ನಿಲ್ದಾಣದ ಹತ್ತಿರ ಮಾಡಿಸಿ. ಜಾಗ ಬೇರೆಯಾದರೆ ನಡತೆ ಬೇರೆ ಅಂತ ನಾಯಿಗೆ ಬೇಗ ತಿಳಿಯುತ್ತದೆ. ಟೆಂಪೋದಲ್ಲಿ ಹತ್ತಿಸಿ ಇಳಿಸುವುದನ್ನೂ ಕಲಿಸಿ.

ಸ್ನಾನ ಮೂರು ನಾಲ್ಕು ದಿನ ಮೊದಲು. ಉಗುರು ತೆಗೆಯಿರಿ, ಬಾಚಿ, ಅಷ್ಟು ಸಾಕು. ಮುಳ್ಳು ಗೀರಿದ ಗುರುತು ಮುಚ್ಚುವುದಕ್ಕೆ ಹೋಗಬೇಡಿ, ಕೇಳಿದರೆ ಅದು ಹೇಗೆ ಬಂತು ಅಂತ ಹೇಳಿ. ಲಸಿಕೆಯ ಕಾರ್ಡ್ ಜೊತೆಗಿರಲಿ. ಬೆದೆಯಲ್ಲಿರುವ ಹೆಣ್ಣನ್ನು ಒಯ್ಯಬೇಡಿ. ನೀರು, ಬಟ್ಟಲು ಮನೆಯಿಂದಲೇ ತೆಗೆದುಕೊಂಡು ಹೋಗಿ, ಬೇರೆ ನಾಯಿ ಕುಡಿದದ್ದು ಬೇಡ.

ವಾಪಸ್ ಬಂದ ಮೇಲೆ ಸೀದಾ ಹಟ್ಟಿಗೆ ಬಿಡಬೇಡಿ. ನೂರು ನಾಯಿ ಸೇರಿದ ಜಾಗದಿಂದ ಕೆಮ್ಮು, ಪಾರ್ವೊ, ಉಣ್ಣಿ ಏನಾದರೂ ಬಂದಿರಬಹುದು. ಹತ್ತು ದಿನ ಬೇರೆ ಇಡಿ. ಹಟ್ಟಿಯ ಮರಿಗಳಿಂದ ದೂರ ಇರಲಿ. ನಿಮ್ಮ ಚಪ್ಪಲಿಯನ್ನೂ ತೊಳೆಯಿರಿ. ಊಟ ಚೆನ್ನಾಗಿದ್ದು, ಹೇಲು ಗಟ್ಟಿ ಇದ್ದು, ಕೆಮ್ಮು ಇಲ್ಲದಿದ್ದರೆ ಹನ್ನೊಂದನೆಯ ದಿನ ಸಂಜೆ, ಕುರಿ ದೊಡ್ಡಿಗೆ ಬರುವ ಹೊತ್ತಿಗೆ, ಪಟ್ಟಿ ಬಿಚ್ಚಿ ಒಳಗೆ ಬಿಡಿ.